ಫೋನಿನ ಆಕಾರ, ಮಾತಿನ ಆಚಾರ

(ಚಿತ್ರದುರ್ಗದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಈ ಸಭೆಯಲ್ಲಿ ಚಿತ್ರದುರ್ಗದವರ ಜೊತೆಗೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಬಂದವರೂ ಇದ್ದೀರಿ. ಹಾಗಾಗಿ ನಾಲ್ಕು ಸಂಖ್ಯೆಗಳನ್ನು ಹೇಳಿ ಮಾತು ಆರಂಭಿಸುತ್ತೇನೆ: 08194, 08193, 08199, 08191. ನಲವತ್ತು ದಾಟಿದವರಿಗೆ ಇವು ಏನೆಂದು ವಿವರಿಸಬೇಕಾಗಿಲ್ಲ. ಕ್ರಮವಾಗಿ ಈ ನಾಲ್ಕು ಊರುಗಳ ಎಸ್‌ಟಿಡಿ ಕೋಡುಗಳು. ಲಗ್ನಪತ್ರಿಕೆಯ ಕೆಳತುದಿಯಲ್ಲೋ ಅಂಗಡಿಯ ಬೋರ್ಡಿನ ಮೇಲೋ ಈ ಅಂಕಿಗಳು ಕಂಡರೆ ಸಾಕು, ಯಾವ ಊರಿನದೆಂದು ತಿಳಿದುಹೋಗುತ್ತಿತ್ತು. ಆಗ ಫೋನ್ ನಂಬರಿಗೂ ಒಂದು ಊರಿತ್ತು.

ಈಗ ನಮ್ಮ ಜೇಬಿನಲ್ಲಿರುವ ಹತ್ತು ಅಂಕಿಗಳ ನಂಬರಿಗೆ ಊರಿಲ್ಲ. ಅದು ನಾವು ಹೋದಲ್ಲಿಗೆ ಬರುತ್ತದೆ. ಈ ಒಂದು ಬದಲಾವಣೆಯಿಂದ ನಮ್ಮ ಮಾತಿನ ಮೊದಲ ವಾಕ್ಯವೇ ಬೇರೆಯಾಯಿತು. ಹಿಂದೆ ಫೋನ್ ಮಾಡಿದವರಿಗೆ ಆ ಕಡೆಯವರು ಎಲ್ಲಿದ್ದಾರೆಂದು ಗೊತ್ತಿರುತ್ತಿತ್ತು, ಎತ್ತಿದವರು ಯಾರೆಂದು ಗೊತ್ತಿರುತ್ತಿರಲಿಲ್ಲ. ಆದ್ದರಿಂದ "ಯಾರು ಮಾತಾಡೋದು?" ಎಂದು ಕೇಳುತ್ತಿದ್ದರು. ಈಗ ಎತ್ತುವವರು ಯಾರೆಂದು ಗೊತ್ತು, ಎಲ್ಲಿದ್ದಾರೆಂದು ಗೊತ್ತಿಲ್ಲ. ಆದ್ದರಿಂದ "ಎಲ್ಲಿದೀಯಾ?" ಎಂದೇ ಮಾತು ಶುರುವಾಗುತ್ತದೆ. ಹಿರಿಯೂರಿನ ಬಸ್ ನಿಲ್ದಾಣದಲ್ಲಿ ನಿಂತು ಚಹಾ ಕುಡಿಯುತ್ತಲೇ "ಹಿರಿಯೂರು ಬಿಟ್ಟು ಆಗಲೇ ಹತ್ತು ನಿಮಿಷ ಆಯ್ತು" ಎನ್ನುವ ಮಹಾನುಭಾವರನ್ನು ನೀವೆಲ್ಲ ಕಂಡಿದ್ದೀರಿ. ಗೋಡೆಗೆ ಕಟ್ಟಿದ ಫೋನಿನಲ್ಲಿ ಈ ಸುಳ್ಳು ಹೇಳಲು ಸಾಧ್ಯವೇ ಇರಲಿಲ್ಲ!

ನಗೆಯ ಮಾತು ಹಾಗಿರಲಿ. ಮೊಬೈಲ್ ಬಂದು ಜನ ಕೆಟ್ಟರು ಎಂದು ದೂರುವುದಾಗಲಿ, ಮೊಬೈಲಿನಿಂದ ಎಲ್ಲವೂ ಸುಧಾರಿಸಿತು ಎಂದು ಹೊಗಳುವುದಾಗಲಿ ನನ್ನ ಉದ್ದೇಶವಲ್ಲ. ಒಂದು ಯಂತ್ರವನ್ನು ಕಟ್ಟಿರುವ ರೀತಿಯೇ ಅದನ್ನು ಬಳಸುವವರ ನಡವಳಿಕೆಯನ್ನು ಹೇಗೆ ತಿದ್ದುತ್ತದೆ ಎಂಬುದನ್ನು ನೋಡೋಣ. ನನ್ನ ಮುಖ್ಯ ಮಾತು ಇಷ್ಟೇ: ದೂರದಲ್ಲಿರುವ ಇಬ್ಬರು ಮಾತಾಡಬೇಕಾದರೆ ಅವರ ನಡುವೆ ಮೂರನೆಯವರೊಬ್ಬರು ಇರುತ್ತಿದ್ದರು. ಫೋನಿನ ಹೊಸ ಹೊಸ ವಿನ್ಯಾಸಗಳು ಆ ಮೂರನೆಯವರನ್ನು ಒಬ್ಬೊಬ್ಬರನ್ನಾಗಿ ತೆಗೆಯುತ್ತ ಬಂದವು. ಅವರಿಂದ ನಮಗೆ ಕಿರಿಕಿರಿಯೂ ಇತ್ತು, ಆಸರೆಯೂ ಇತ್ತು. ಕಿರಿಕಿರಿ ತಪ್ಪಿದವರು ಯಾರು, ಆಸರೆ ತಪ್ಪಿದವರು ಯಾರು ಎಂಬ ಲೆಕ್ಕವನ್ನು ನಾವಿನ್ನೂ ಹಾಕಿಲ್ಲ.

ಕಹಳೆ, ಡಂಗುರ, ಕಾಗದ

ವಿನ್ಯಾಸ ಎಂದರೆ ಹೊರಗಿನ ಅಂದಚೆಂದ ಮಾತ್ರವಲ್ಲ. ಯಾರ ಮಾತು ಯಾರಿಗೆ ಕೇಳಬೇಕು, ಹಣ ಯಾರು ಕೊಡಬೇಕು, ಎಷ್ಟು ಹೊತ್ತು ಗಂಟೆ ಬಾರಿಸಬೇಕು, ಯಾವುದನ್ನು ತೋರಿಸಬೇಕು, ಯಾವುದನ್ನು ಮುಚ್ಚಿಡಬೇಕು ಎಂಬುದೆಲ್ಲ ವಿನ್ಯಾಸವೇ. ಇದು ಹೊಸ ಸಂಗತಿಯೇನಲ್ಲ. ನಮ್ಮ ಕೋಟೆಯನ್ನೇ ನೋಡಿ. ಒನಕೆ ಓಬವ್ವನ ಗಂಡ ಕಹಳೆ ಊದುವ ಕಾವಲುಗಾರನಾಗಿದ್ದನೆಂದು ಐತಿಹ್ಯ ಹೇಳುತ್ತದೆ. ಕಹಳೆಯ ಧ್ವನಿ ಕೋಟೆಗೆಲ್ಲ ಕೇಳುತ್ತದೆ. ಆದರೆ ಅದರಲ್ಲಿ ಒಬ್ಬರಿಗೆ ಮಾತ್ರ ಗುಟ್ಟು ಹೇಳಲಾಗದು, ಉತ್ತರ ಪಡೆಯಲೂ ಆಗದು. "ಎಚ್ಚರ" ಎಂಬುದಕ್ಕಷ್ಟೇ ಅದು ಸಾಕು.

ಡಂಗುರದಲ್ಲಿ ಮಾತಿತ್ತು, ಆದರೆ ಅದೂ ಎಲ್ಲರಿಗೆ. ಜೊತೆಗೆ ಡಂಗುರ ಸಾರುವವನು ಊರಿನವನೇ. "ಯಾರು ಹೇಳಿ ಕಳಿಸಿದ್ರಪ್ಪಾ?" ಎಂದು ಅವನನ್ನು ನಿಲ್ಲಿಸಿ ಕೇಳಬಹುದಿತ್ತು. ಕಾಗದ ಒಬ್ಬರಿಂದ ಒಬ್ಬರಿಗೆ ಹೋಗುವಂಥದ್ದು. ಆದರೆ ಓದುಬರಹ ಬಾರದ ಮನೆಗಳಲ್ಲಿ ಅದನ್ನು ಅಂಚೆಯವನೋ ಶಾಲೆಗೆ ಹೋಗುವ ಹುಡುಗನೋ ಓದಿ ಹೇಳಬೇಕಿತ್ತು. ತಂತಿಯಂತೂ ಸಾವಿನ ಸುದ್ದಿಗೇ ಮೀಸಲು ಎಂಬಷ್ಟು ಭಯ ಹುಟ್ಟಿಸಿತ್ತು. ಪದಕ್ಕಿಷ್ಟು ಎಂದು ದರವಿದ್ದುದರಿಂದ ಜನ ಅದರಲ್ಲಿ ಕುಶಲ ವಿಚಾರಿಸುತ್ತಿರಲಿಲ್ಲ. ಭಾರತದಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ನಿಂತಿತು. ಈ ಎಲ್ಲವುಗಳಲ್ಲೂ ಸಾಧನದ ಸ್ವಭಾವವೇ ಮಾತಿನ ಸ್ವಭಾವವನ್ನು ನಿರ್ಧರಿಸಿತ್ತು. ಎಲ್ಲದರಲ್ಲೂ ನಡುವೆ ಒಬ್ಬ ಮನುಷ್ಯನಿದ್ದ.

ಗಾಜಿನ ಗೂಡಿನ ಕಾಲ

ದೂರವಾಣಿಯ ಮೊದಲ ದಶಕಗಳಲ್ಲಿ ಆ ಮನುಷ್ಯ ಎಕ್ಸ್‌ಚೇಂಜಿನ ಆಪರೇಟರ್. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯಬೇಕು. ಅರ್ಜೆಂಟ್, ಲೈಟ್ನಿಂಗ್ ಎಂದರೆ ಹೆಚ್ಚು ಹಣ. ಈ ಸ್ಥಿತಿಯನ್ನು ಬದಲಿಸಿದ ಒಂದು ಮುಖ್ಯ ಘಟನೆ ನಮ್ಮ ರಾಜ್ಯದಲ್ಲೇ ನಡೆಯಿತು. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ಹಳ್ಳಿಗಳಿಗೆಂದೇ 128 ಲೈನುಗಳ ಒಂದು ಪುಟ್ಟ ಎಕ್ಸ್‌ಚೇಂಜನ್ನು ರೂಪಿಸಿತು. ಅದನ್ನು ಮೊದಲಿಗೆ 1986ರ ಜುಲೈನಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ಸ್ಥಾಪಿಸಿದರು. ಹವಾನಿಯಂತ್ರಣವಿಲ್ಲದೆ, ನಮ್ಮ ಬಿಸಿಲು, ಧೂಳುಗಳನ್ನು ತಾಳಿಕೊಂಡು ಕೆಲಸ ಮಾಡಬೇಕು ಎಂಬುದೇ ಅದರ ವಿನ್ಯಾಸದ ಮೂಲ ಷರತ್ತಾಗಿತ್ತು. ವಿದೇಶದ ಯಂತ್ರಗಳಿಗೆ ತಂಪು ಕೋಣೆ ಬೇಕಿತ್ತು. ತಂಪು ಕೋಣೆಯ ಅಗತ್ಯ ಹೋದ ಮೇಲೆಯೇ ಸಣ್ಣ ಊರುಗಳಿಗೆ ಫೋನ್ ಸಲೀಸಾಗಿ ಬರುವುದು ಸಾಧ್ಯವಾಯಿತು.

ಅದರ ಬೆನ್ನಲ್ಲೇ ಹಳದಿ ಬೋರ್ಡಿನ ಎಸ್‌ಟಿಡಿ ಬೂತುಗಳು ಬಂದವು. ಮರದ ಚೌಕಟ್ಟಿಗೆ ಗಾಜು ಹಾಕಿದ ಒಂದು ಗೂಡು, ಒಳಗೆ ಫೋನು, ಕಣ್ಣೆದುರಿಗೆ ಕೆಂಪು ಅಂಕಿಗಳಲ್ಲಿ ಓಡುವ ಮೀಟರು. ಆ ಮೀಟರನ್ನು ನೋಡುತ್ತ ಮಾತಾಡಿದವರಿಗೆ ಗೊತ್ತು, ಅದು ಎಂತಹ ವ್ಯಾಕರಣ ಪಂಡಿತ ಎಂದು! ಅನಗತ್ಯ ವಿಶೇಷಣಗಳನ್ನೆಲ್ಲ ಅದು ಕಡಿದುಹಾಕುತ್ತಿತ್ತು. ರಾತ್ರಿ ತಡವಾದಷ್ಟೂ ದರ ಇಳಿಯುತ್ತಿದ್ದುದರಿಂದ ಊಟ ಮುಗಿಸಿ ಬೂತಿನ ಮುಂದೆ ಸಾಲು ನಿಲ್ಲುತ್ತಿದ್ದರು. ಬೆಂಗಳೂರಿಗೆ ಓದಲು ಹೋದ ಮಗಳ ಜೊತೆ ತಾಯಿ ಮಾತಾಡುವಾಗ ಹೊರಗೆ ನಾಲ್ಕು ಜನ ಗಡಿಯಾರ ನೋಡುತ್ತಿರುತ್ತಿದ್ದರು. ಗಾಜು ಧ್ವನಿಯನ್ನು ತಡೆಯುತ್ತಿತ್ತು, ಕಣ್ಣೀರನ್ನು ಮರೆಮಾಡುತ್ತಿರಲಿಲ್ಲ.

ಮನೆಗೆ ಫೋನ್ ಇಲ್ಲದವರಿಗೆ "ಪಿ.ಪಿ." ನಂಬರು ಇತ್ತು. ಪಕ್ಕದ ಮನೆಯ ಅಥವಾ ಎದುರಿನ ಕಿರಾಣಿ ಅಂಗಡಿಯ ನಂಬರನ್ನು ಕೊಟ್ಟು ಕಂಸದಲ್ಲಿ ಪಿ.ಪಿ. ಎಂದು ಬರೆದರಾಯಿತು. ಫೋನ್ ಬಂದಾಗ ಅಂಗಡಿಯ ಹುಡುಗ ಓಡಿಹೋಗಿ ಕರೆದು ತರುತ್ತಿದ್ದ. ಇದರಲ್ಲಿ ಗುಟ್ಟು ಉಳಿಯುತ್ತಿರಲಿಲ್ಲ. ಯಾರ ಮನೆಗೆ ಯಾವ ಊರಿಂದ ಫೋನ್ ಬಂತು, ಯಾರ ಮಗಳ ಸಂಬಂಧ ಮುರಿಯಿತು ಎಂಬುದೆಲ್ಲ ಓಣಿಗೇ ತಿಳಿಯುತ್ತಿತ್ತು. ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಬಂಧನ. ಗಂಡನ ಮನೆಯ ಕಷ್ಟವನ್ನು ತವರಿಗೆ ಹೇಳಬೇಕೆಂದರೆ ಪಕ್ಕದ ಮನೆಯ ನಡುಮನೆಯಲ್ಲಿ ನಿಂತು ಹೇಳುವುದು ಹೇಗೆ? "ಚೆನ್ನಾಗಿದೀನಿ" ಎಂಬ ಒಂದೇ ಉತ್ತರದಲ್ಲಿ ಎಲ್ಲವನ್ನೂ ನುಂಗಬೇಕಿತ್ತು. ಆ ಕಾಲದ ನೆರೆಹೊರೆಯನ್ನು ಹೊಗಳುವಾಗ ಈ ಮಾತನ್ನು ಮರೆಯಬಾರದು.

ಎತ್ತದೆ ಆಡಿದ ಮಾತು

ಕೈಯಲ್ಲಿ ಹಿಡಿದು ನಡೆಯಬಹುದಾದ ಫೋನಿನಿಂದ ಮೊದಲ ಕರೆ ಮಾಡಿದವರು ಮೋಟೊರೋಲಾ ಕಂಪನಿಯ ಮಾರ್ಟಿನ್ ಕೂಪರ್. 1973ರ ಏಪ್ರಿಲ್ 3ರಂದು, ನ್ಯೂಯಾರ್ಕಿನ ಬೀದಿಯಲ್ಲಿ. ಹತ್ತು ವರ್ಷದ ನಂತರ ಮಾರುಕಟ್ಟೆಗೆ ಬಂದ ಅದರ ಮಾದರಿಯ ತೂಕ ಮುಕ್ಕಾಲು ಕಿಲೋಗೂ ಮೇಲೆ, ಬೆಲೆ ಸುಮಾರು 4,000 ಡಾಲರ್. ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ನಡೆಯಿತು. ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ಕೇಂದ್ರದ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತಾಡಿದರು. ಆಗ ನಿಮಿಷಕ್ಕೆ 16 ರೂಪಾಯಿಗೂ ಮೇಲ್ಪಟ್ಟ ದರವಿತ್ತು. ಅಷ್ಟೇ ಅಲ್ಲ, ಬಂದ ಕರೆ ಎತ್ತಿದವರೂ ಹಣ ತೆರಬೇಕಿತ್ತು. ಅತಿಥಿ ಬಂದರೆ ಬಾಗಿಲು ತೆರೆದದ್ದಕ್ಕೂ ಸುಂಕ ಎಂಬಂತೆ! 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. ಮೊಬೈಲ್ ಸಾಮಾನ್ಯರ ಕೈಗೆ ಬಂದದ್ದು ಅಲ್ಲಿಂದೀಚೆಗೆ.

ಇಲ್ಲಿ ಒಂದು ಸೋಜಿಗ ನಡೆಯಿತು. ಫೋನ್ ಎತ್ತಿದರೆ ಮಾಡಿದವರಿಗೆ ದುಡ್ಡು, ಎತ್ತದಿದ್ದರೆ ಇಲ್ಲ. ಆದರೆ ಎತ್ತದ ಕರೆಯನ್ನೂ ಫೋನ್ ನೆನಪಿಟ್ಟುಕೊಂಡು ಪರದೆಯ ಮೇಲೆ ತೋರಿಸುತ್ತದೆ. ಈ ಎರಡು ಗುಣಗಳ ಸಂದಿಯಲ್ಲಿ ನಮ್ಮ ಜನ ಒಂದು ಹೊಸ ಭಾಷೆಯನ್ನೇ ಕಟ್ಟಿದರು. ಅದೇ ಮಿಸ್ಡ್ ಕಾಲ್. ಯಂತ್ರ ರೂಪಿಸಿದವರು ಅದನ್ನು ತಪ್ಪಿಹೋದ ಕರೆ ಎಂದು ಕರೆದಿದ್ದರು. ನಾವು "ಒಂದು ಮಿಸ್ಡ್ ಕಾಲ್ ಕೊಡು" ಎಂದು ಅದನ್ನು ಕೊಡುವ ವಸ್ತುವನ್ನಾಗಿ ಮಾಡಿಕೊಂಡೆವು. ಒಂದು ಸಲ ಬಂದರೆ ಬಸ್ಸಿನಿಂದ ಇಳಿದೆ ಎಂದು, ಎರಡು ಸಲ ಬಂದರೆ ತಿರುಗಿ ಮಾಡು ಎಂದು. ಯಾರು ಯಾರಿಗೆ ಮಿಸ್ಡ್ ಕಾಲ್ ಕೊಡಬಹುದು ಎಂಬುದಕ್ಕೂ ಮರ್ಯಾದೆಯ ನಿಯಮಗಳು ಹುಟ್ಟಿಕೊಂಡವು. ಮಗ ಅಪ್ಪನಿಗೆ ಕೊಡಬಹುದು, ಅಳಿಯ ಮಾವನಿಗೆ ಕೊಟ್ಟರೆ ನಗೆಪಾಟಲು. ಸಾಲ ಕೇಳುವವನು ಮಿಸ್ಡ್ ಕಾಲ್ ಕೊಡುವಂತಿಲ್ಲ. ಒಂದೂ ಮಾತಾಡದೆ ಸಂಬಂಧದ ಮೇಲುಕೀಳನ್ನು ಹೇಳುವ ಭಾಷೆ ಅದು. ದರಗಳು ಇಳಿದು, 2016ರ ನಂತರ ಮಾತು ಬಹುಮಟ್ಟಿಗೆ ತಿಂಗಳ ಪ್ಯಾಕಿನಲ್ಲಿ ಸೇರಿಹೋದ ಮೇಲೆ ಆ ಭಾಷೆ ಬಹುಪಾಲು ಸತ್ತುಹೋಯಿತು.

ಕೃಷಿಕರೂ ಇದೇ ಬಗೆಯ ಜಾಣ್ಮೆ ತೋರಿದರು. ಕೊಳವೆಬಾವಿಗಳ ಈ ಜಿಲ್ಲೆಯಲ್ಲಿ ತ್ರೀ ಫೇಸ್ ಕರೆಂಟು ಯಾವ ಹೊತ್ತಿಗೆ ಬರುವುದೋ ಎಂದು ಕಾದು, ಸರಿರಾತ್ರಿಯಲ್ಲಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಬೇಕಿತ್ತು. ಮೋಟರಿನ ಸ್ಟಾರ್ಟರಿಗೇ ಒಂದು ಸಿಮ್ ಹಾಕಿ, ಮನೆಯಿಂದ ಫೋನ್ ಮಾಡಿ, ಒಂದು ಅಂಕಿ ಒತ್ತಿದರೆ ಚಾಲೂ, ಇನ್ನೊಂದು ಒತ್ತಿದರೆ ಬಂದ್ ಆಗುವ ಮೊಬೈಲ್ ಸ್ಟಾರ್ಟರುಗಳು ಬಂದ ಮೇಲೆ ಹಾವುಚೇಳುಗಳ ಭಯದ ಆ ನಡಿಗೆ ತಪ್ಪಿತು.

ವ್ಯಾಪಾರದಲ್ಲಂತೂ ನಡುವಿನವರ ಸ್ಥಾನವೇ ಅಲುಗಾಡಿತು. ಅರ್ಥಶಾಸ್ತ್ರಜ್ಞ ರಾಬರ್ಟ್ ಜೆನ್ಸನ್ 2007ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಕಾಸರಗೋಡು, ಕಣ್ಣೂರು, ಕೋಯಿಕ್ಕೋಡು ಜಿಲ್ಲೆಗಳ ಮೀನುಗಾರರನ್ನು ಕುರಿತದ್ದು. ದಡದ ಟವರುಗಳ ಸಂಕೇತ ಸಮುದ್ರದೊಳಕ್ಕೆ 20-25 ಕಿಲೋಮೀಟರು ತಲಪುತ್ತಿದ್ದುದರಿಂದ, ದೋಣಿಯಲ್ಲಿದ್ದಾಗಲೇ ಯಾವ ದಡದಲ್ಲಿ ಬೆಲೆ ಎಷ್ಟು ಎಂದು ವಿಚಾರಿಸಲು ಅವರು ಶುರುಮಾಡಿದರು. ಕೊಳ್ಳುವವರಿಲ್ಲದೆ ಮೀನು ಚೆಲ್ಲುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೀನುಗಾರರ ಲಾಭ ಸರಾಸರಿ ನೂರಕ್ಕೆ 8ರಷ್ಟು ಏರಿತು, ಕೊಳ್ಳುವವರ ಬೆಲೆ ನೂರಕ್ಕೆ 4ರಷ್ಟು ಇಳಿಯಿತು. ಹೊಳಲ್ಕೆರೆ, ಹೊಸದುರ್ಗದ ಅಡಿಕೆ ಬೆಳೆಗಾರರಿಗೆ ಇದು ಹೊಸದಾಗಿ ಕೇಳಿಸದು. ಭೀಮಸಮುದ್ರದ ಪೇಟೆಯ ಧಾರಣೆ ಏನೆಂದು ತಿಳಿಯಲು ಈಗ ವ್ಯಾಪಾರಿಯ ಬಾಯನ್ನೇ ನೋಡಬೇಕಾಗಿಲ್ಲ.

ಟಾರ್ಚ್ ಇದ್ದ ಫೋನು

ನಮ್ಮ ಹಳ್ಳಿಗಳ ಮಟ್ಟಿಗೆ ಹೇಳುವುದಾದರೆ ಬಹಳ ಚೆನ್ನಾಗಿ ಯೋಚಿಸಿ ಮಾಡಿದ ಫೋನು ನೋಕಿಯಾ 1100. 2003ರಲ್ಲಿ ಬಂದ ಅದು ಪ್ರಪಂಚದಲ್ಲಿ 25 ಕೋಟಿಗೂ ಹೆಚ್ಚು ಮಾರಾಟವಾಯಿತು. ಧೂಳು ಹೋಗದಂತೆ ಒಂದೇ ಹಾಳೆಯಾಗಿ ಮುಚ್ಚಿದ ಕೀಲಿಗಳು, ಬೆವರಿದ ಕೈಯಿಂದ ಜಾರದ ಮೈ, ತುದಿಯಲ್ಲೊಂದು ಟಾರ್ಚು. ಚಾರ್ಜ್ ಮಾಡಿದರೆ ದಿನಗಟ್ಟಲೆ ಬರುತ್ತಿತ್ತು. ಕರೆಂಟು ಬಂದು ಹೋಗಿ ಮಾಡುವ ಊರುಗಳಿಗೆ, ಕುರಿ ಹೊಡೆದುಕೊಂಡು ವಾರಗಟ್ಟಲೆ ಹೊರಗಿರುವವರಿಗೆ ಹೇಳಿ ಮಾಡಿಸಿದಂತಿತ್ತು.

ಕೀಲಿಗಳಿರುವ ಫೋನಿನ ದೊಡ್ಡ ಗುಣ ಎಂದರೆ, ಅದನ್ನು ಕೈಯೇ ಕಲಿಯುತ್ತದೆ. 5ರ ಕೀಲಿಯ ಮೇಲೆ ಒಂದು ಸಣ್ಣ ಉಬ್ಬು ಇರುತ್ತದೆ, ಕತ್ತಲಲ್ಲೂ ಬೆರಳಿಗೆ ಸಿಗಲೆಂದು. ಕುರುಡರಿಗೂ ಅದೇ ದಾರಿಗುರುತು. ಅಕ್ಷರ ಬಾರದ ಅಜ್ಜಿಗೆ ಹಸಿರು ಒತ್ತಿದರೆ ಮಾತು, ಕೆಂಪು ಒತ್ತಿದರೆ ಮುಗಿಯಿತು ಎಂದು ಹೇಳಿಕೊಟ್ಟರೆ ಸಾಕಾಗಿತ್ತು. "2ನ್ನು ಒತ್ತಿ ಹಿಡಿ, ದೊಡ್ಡ ಮಗನಿಗೆ ಹೋಗುತ್ತೆ" ಎಂದು ಮೊಮ್ಮಕ್ಕಳು ಹಾಕಿಕೊಟ್ಟರೆ ಆಕೆ ಯಾರ ಹಂಗೂ ಇಲ್ಲದೆ ಮಗನೊಡನೆ ಮಾತಾಡುತ್ತಿದ್ದಳು. ಅಪಾಯದಲ್ಲಿರುವವರಿಗೆಂದು 2017ರಿಂದ ಎಲ್ಲ ಹೊಸ ಫೋನುಗಳಲ್ಲೂ ತುರ್ತು ಗುಂಡಿ ಇರಬೇಕೆಂದು ಸರ್ಕಾರ ನಿಯಮ ಮಾಡಿದಾಗ ಕೀಲಿಮಣೆಯ ಫೋನಿಗೆ ಆರಿಸಿದ್ದೂ 5 ಅಥವಾ 9ನ್ನು ಒತ್ತಿ ಹಿಡಿಯುವ ಕ್ರಮವನ್ನೇ.

ಇದೇ ಕಾಲದಲ್ಲಿ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಕರೆ ಬರುವ ಮೊದಲೇ ಪರದೆಯ ಮೇಲೆ ಹೆಸರು ಬಂತು. ಹಿಂದೆ ಫೋನ್ ಮಾಡಿದವರು ತಮ್ಮನ್ನು ಪರಿಚಯಿಸಿಕೊಳ್ಳಬೇಕಿತ್ತು. "ನಾನು ಹೊಸದುರ್ಗದಿಂದ, ನಿಮ್ಮ ಮಗನ ಜೊತೆ ಓದ್ತೀನಿ" ಎಂದರೆ ಆ ಕಡೆಯ ಹಿರಿಯರು "ಯಾರ ಪೈಕಿ ಮಗನೇ? ಮಳೆ ಆಯ್ತಾ ನಿಮ್ಮ ಕಡೆ?" ಎಂದು ಎರಡು ಮಾತಾಡಿ ಫೋನ್ ಕೊಡುತ್ತಿದ್ದರು. ಗೆಳೆಯನೊಡನೆ ಮಾತಾಡಲು ಹೊರಟವನು ಅವನ ತಂದೆಯನ್ನು ದಾಟಿ ಹೋಗಬೇಕಿತ್ತು. ಹೀಗೆ ದಾಟುತ್ತ ದಾಟುತ್ತಲೇ ಮನೆಯವರೆಲ್ಲರ ಪರಿಚಯವಾಗುತ್ತಿತ್ತು. ಈಗ ಹೆಸರು ಕಂಡ ಕೂಡಲೇ "ಹ್ಞಾ, ಹೇಳು" ಎನ್ನುತ್ತೇವೆ. ಹತ್ತು ವರ್ಷದ ಗೆಳೆತನವಿದ್ದರೂ ಗೆಳೆಯನ ತಾಯಿಯ ಧ್ವನಿ ಕೇಳಿಯೇ ಇರುವುದಿಲ್ಲ.

ಇದನ್ನು ನಷ್ಟ ಎಂದಷ್ಟೇ ಹೇಳಿದರೆ ಅರ್ಧ ಸತ್ಯವಾದೀತು. ಅತ್ತೆಯನ್ನೋ ಗಂಡನನ್ನೋ ದಾಟದೆ ತವರಿನೊಡನೆ ಮಾತಾಡಲು ಸಾಧ್ಯವಾದ ಹೆಣ್ಣಿಗೆ ಇದು ಬಿಡುಗಡೆ. ಆದರೆ ಎಲ್ಲರಿಗೂ ಅದು ಸಿಕ್ಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ತಾವೇ ಬಳಸುವ ಮೊಬೈಲ್ ಹೊಂದಿದ ಮಹಿಳೆಯರು ದೇಶದಲ್ಲಿ ನೂರಕ್ಕೆ ಸುಮಾರು 54 ಮಂದಿ ಮಾತ್ರ. ಉಳಿದವರು ಇನ್ನೊಬ್ಬರ ಕೈಯಿಂದ ಫೋನ್ ಇಸಿದುಕೊಳ್ಳಬೇಕು. ಇಸಿದುಕೊಂಡ ಫೋನಿನಲ್ಲಿ ಯಾರಿಗೆ ಮಾಡಿದೆ, ಎಷ್ಟು ಹೊತ್ತು ಮಾತಾಡಿದೆ ಎಂಬುದೆಲ್ಲ ದಾಖಲಾಗಿ ಉಳಿಯುತ್ತದೆ. ಕೇಳಿ ಮರೆಯಬಹುದಾಗಿದ್ದ ಪಕ್ಕದ ಮನೆಯವರಿಗಿಂತ ಈ ನೆನಪು ಹೆಚ್ಚು ಕಠಿಣವಾದದ್ದು.

ಕಿವಿಯಿಂದ ಕಣ್ಣಿಗೆ

2007ರಲ್ಲಿ ಐಫೋನ್ ಬಂದಾಗ ಅಂಕಿಗಳ ಕೀಲಿಮಣೆ ಕಣ್ಮರೆಯಾಗಿ ಇಡೀ ಮುಖವೇ ಗಾಜಾಯಿತು. ಕೆಲವೇ ವರ್ಷಗಳಲ್ಲಿ ಉಳಿದ ಕಂಪನಿಗಳೂ ಅದೇ ಹಾದಿ ಹಿಡಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಇಂಟರ್‌ನೆಟ್ ಅಗ್ಗವಾದ ಮೇಲೆ ಗಾಜಿನ ಫೋನು ಹಳ್ಳಿಹಳ್ಳಿಗೂ ಬಂತು. ಫೋನ್ ಕಿವಿಯಿಂದ ಕಣ್ಣಿನೆದುರಿಗೆ ಸರಿಯಿತು. ಕಿವಿಗೆ ಹಿಡಿದವನು ಎದುರಿನವರನ್ನು ನೋಡಿ ತಲೆಯಾಡಿಸಬಹುದಿತ್ತು. ಕಣ್ಣೆದುರು ಹಿಡಿದವನಿಗೆ ಪಕ್ಕದವರು ಕಾಣುವುದೇ ಇಲ್ಲ.

ಈ ಗಾಜಿನಿಂದ ಮಾತು ಪಡೆದವರೂ ಇದ್ದಾರೆ. ಕಿವಿ ಕೇಳದವರು ವಿಡಿಯೋದಲ್ಲಿ ಕೈಸನ್ನೆಯಿಂದ ಮಾತಾಡುತ್ತಾರೆ. ಹಳೆಯ ಫೋನು ಅವರ ಪಾಲಿಗೆ ಬರೀ ಕಲ್ಲಾಗಿತ್ತು. ಬರೆಯಲು ಬಾರದವರು ಧ್ವನಿಯನ್ನೇ ಕಳಿಸುತ್ತಾರೆ. ಆದರೆ ಕೈಗೆ ಕಲಿಸಿದ್ದ ಪಾಠ ಮರೆತೇಹೋಯಿತು. ಗಾಜಿನ ಮೇಲೆ 5ರ ಉಬ್ಬಿಲ್ಲ. ಮಣ್ಣಿನ ಕೆಲಸದಿಂದ ಒರಟಾದ ಬೆರಳನ್ನು ಅದು ಕೆಲವೊಮ್ಮೆ ಗುರುತಿಸುವುದೂ ಇಲ್ಲ. ಚಿತ್ರಗಳು ಜಾಗ ಬದಲಿಸುತ್ತವೆ. 2ನ್ನು ಒತ್ತಿ ಮಗನೊಡನೆ ಮಾತಾಡುತ್ತಿದ್ದ ಅಜ್ಜಿ ಈಗ ಮೊಮ್ಮಗನನ್ನು ಕಾಯಬೇಕಾಯಿತು.

ಮೌನದ ಅರ್ಥವೂ ಬದಲಾಯಿತು. ವಾಟ್ಸ್ಆ್ಯಪ್ 2014ರ ನವೆಂಬರಿನಲ್ಲಿ ಓದಿದ ಸಂದೇಶಕ್ಕೆ ನೀಲಿ ಗೆರೆ ತೋರಿಸತೊಡಗಿತು. ಅಲ್ಲಿಯವರೆಗೆ ಉತ್ತರ ಬಾರದಿದ್ದರೆ ನೂರು ಕಾರಣಗಳಿದ್ದವು: ಕಾಗದ ತಲಪಿಲ್ಲ, ಊರಲ್ಲಿಲ್ಲ, ಹುಷಾರಿಲ್ಲ. ಈಗ ಒಂದೇ ಕಾರಣ ಉಳಿಯಿತು: ನೋಡಿಯೂ ಉತ್ತರಿಸಿಲ್ಲ. ಬೀಗರ ನಡುವೆ, ಅಣ್ಣತಮ್ಮಂದಿರ ನಡುವೆ ಈ ಎರಡು ಗೆರೆಗಳು ಎಷ್ಟು ಮುನಿಸು ತಂದಿವೆ ಎಂಬುದು ನಿಮಗೆ ಗೊತ್ತು. ಬಳಕೆದಾರರು ತಕರಾರು ಮಾಡಿದ ಮೇಲೆ ಅದನ್ನು ಬೇಡವೆನ್ನುವ ಅವಕಾಶವನ್ನು ಆ ತಿಂಗಳಲ್ಲೇ ಕೊಟ್ಟರು.

ಗಂಟೆ ಎಷ್ಟು ಹೊತ್ತು ಬಾರಿಸಬೇಕು ಎಂಬುದೂ ನಡವಳಿಕೆಯ ಪ್ರಶ್ನೆಯೇ. ಕಂಪನಿಗಳು ತಮ್ಮ ಲೆಕ್ಕಾಚಾರಕ್ಕಾಗಿ ಗಂಟೆಯ ಅವಧಿಯನ್ನು ಕಡಿಮೆ ಮಾಡತೊಡಗಿದಾಗ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2019ರ ನವೆಂಬರಿನಲ್ಲಿ ಮೊಬೈಲಿಗೆ 30 ಸೆಕೆಂಡು, ಸ್ಥಿರ ದೂರವಾಣಿಗೆ 60 ಸೆಕೆಂಡು ಎಂದು ಗೊತ್ತುಮಾಡಿತು. ಫೋನ್ ಸದಾ ಕೈಯಲ್ಲೇ ಇರುತ್ತದೆ ಎಂಬ ಊಹೆ ಈ 30 ಸೆಕೆಂಡಿನಲ್ಲಿದೆ. ಅಂಗಿಯನ್ನು ಬೇವಿನ ಮರಕ್ಕೆ ತೂಗುಹಾಕಿ ಕಳೆ ಕೀಳುತ್ತಿರುವವನು, ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುವವಳು, ಕೋಲೂರಿ ನಡೆಯುವ ಮುದುಕರು ಆ ಊಹೆಯಿಂದ ಹೊರಗುಳಿದರು.

ಬೆನ್ನು ಮಾಡಿ ನೋಡುವುದು

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿತ್ತು. 1933ರ ನಂತರ, ಅಂದರೆ 89 ವರ್ಷಗಳ ಮೇಲೆ, ಅದೇ ಮೊದಲು. ಹಿಂದಿನ ಸಲ ಕೋಡಿ ಬಿದ್ದ ಸುದ್ದಿ ಬಾಯಿಂದ ಬಾಯಿಗೆ ಹೋಗಿರಬೇಕು. ಈ ಸಲ ನೀರಿಗಿಂತ ಮುಂಚೆ ಅದರ ವಿಡಿಯೋ ಹರಿಯಿತು. ನೋಡಲು ಹೋದ ನಾವು ಏನು ಮಾಡಿದೆವು? ನೀರಿಗೆ ಬೆನ್ನು ಮಾಡಿ ನಿಂತೆವು. ಫೋನಿನ ಮುಂಭಾಗದಲ್ಲಿ ಕ್ಯಾಮೆರಾ ಇಟ್ಟ ಮೇಲೆ, ನೋಡಬೇಕಾದ್ದು ಹಿಂದೆ, ನೋಡುವವನ ಮುಖ ಮುಂದೆ ಎಂಬುದು ಸಹಜವಾಯಿತು. ಮೊದಲಾದರೆ "ಸ್ವಲ್ಪ ನಮ್ಮದೊಂದು ಫೋಟೋ ತೆಗೀತೀರಾ?" ಎಂದು ಅಪರಿಚಿತರನ್ನು ಕೇಳಬೇಕಿತ್ತು. ಆ ಮೂರನೆಯವರೂ ಇಲ್ಲವಾದರು.

ಇದು ಸಣ್ಣ ವಿಷಯ. ಆದರೆ ಮೂರನೆಯವರು ಇಲ್ಲದಿರುವುದು ಜೀವಕ್ಕೆ ಎರವಾದ ಸಂದರ್ಭವೂ ಉಂಟು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಗುಂಪಿನ ಕೈಯಲ್ಲಿ ಸತ್ತ. ಅವನೂ ಅವನ ಸಂಗಡಿಗರೂ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ಸಂಶಯಕ್ಕೆ ಮೂಲ. ಕಾರು ಮುಂದಿನ ಊರು ತಲಪುವ ಮೊದಲೇ ಫೋನಿನಲ್ಲಿ ಸುದ್ದಿ ತಲಪಿತ್ತು. ಡಂಗುರದವನನ್ನು ನಿಲ್ಲಿಸಿ ಕೇಳಬಹುದಿತ್ತು. ಮುಂದಕ್ಕೆ ಕಳಿಸುವ ಗುಂಡಿಯನ್ನು ಯಾರು ಕೇಳುವುದು? ಅದೇ ತಿಂಗಳು ವಾಟ್ಸ್ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸಬಹುದೆಂದು ಮಿತಿ ಹಾಕಿತು. ಚಿತ್ರ, ವಿಡಿಯೋಗಳ ಪಕ್ಕದಲ್ಲಿದ್ದ ಶೀಘ್ರ ರವಾನೆಯ ಗುಂಡಿಯನ್ನು ತೆಗೆಯಿತು. ಒಂದು ಗುಂಡಿಯ ಜಾಗವೂ ಸಾವುಬದುಕಿನ ವಿಷಯವಾಗಬಹುದೆಂದು ಕಂಪನಿಯೇ ಒಪ್ಪಿದಂತಾಯಿತು.

"ಯಾರಿಗೂ ಹೇಳಬೇಡಿ"

ಕೊನೆಯದಾಗಿ, ಇಂದು ನಮ್ಮ ಊರುಗಳಲ್ಲಿ ದಿನವೂ ನಡೆಯುತ್ತಿರುವ ಒಂದು ಸಂಗತಿ. ಬ್ಯಾಂಕಿನ ಹಣ, ಪಿಂಚಣಿ, ಆಧಾರ್ ಎಲ್ಲದಕ್ಕೂ ಫೋನಿಗೆ ಒಂದು ಗುಪ್ತ ಸಂಖ್ಯೆ ಬರುತ್ತದೆ. ಓಟಿಪಿ ಎನ್ನುತ್ತೇವೆ. ಅದರ ಜೊತೆಗೇ, ಬಹಳ ಸಲ ಇಂಗ್ಲಿಷಿನಲ್ಲಿ, ಇದನ್ನು ಯಾರಿಗೂ ಹೇಳಬೇಡಿ ಎಂಬ ಎಚ್ಚರಿಕೆ. ಪ್ರತಿಯೊಬ್ಬರೂ ತಮ್ಮ ಫೋನನ್ನು ತಾವೇ ಒಬ್ಬರೇ ಕುಳಿತು ಓದುತ್ತಾರೆ ಎಂಬ ನಂಬಿಕೆಯ ಮೇಲೆ ಈ ಏರ್ಪಾಡು ನಿಂತಿದೆ. ಓದಲು ಬಾರದವರು, ಇಂಗ್ಲಿಷ್ ತಿಳಿಯದವರು, ಕಣ್ಣು ಮಂಜಾದವರು ಏನು ಮಾಡಬೇಕು? ಯಾರಿಗೂ ಹೇಳಬಾರದ್ದನ್ನು ಯಾರಿಗಾದರೂ ತೋರಿಸದೆ ಅವರಿಗೆ ಗತಿಯಿಲ್ಲ. ಹೀಗೆ ಮೂರನೆಯವರು ಮತ್ತೆ ಬಂದಿದ್ದಾರೆ. ರೀಚಾರ್ಜ್ ಅಂಗಡಿಯ ಹುಡುಗನೋ, ಬಸ್ಸಿನಲ್ಲಿ ಪಕ್ಕ ಕುಳಿತವನೋ, ಬ್ಯಾಂಕಿನವನೆಂದು ಹೇಳಿಕೊಂಡು ಫೋನ್ ಮಾಡಿದ ಕಳ್ಳನೋ. ಹಿಂದಿನ ಅಂಚೆಯವನು ಊರಿಗೆಲ್ಲ ಗೊತ್ತಿದ್ದವನು, ನಾಳೆಯೂ ಅದೇ ಬೀದಿಗೆ ಬರಬೇಕಾದವನು. ಈ ಹೊಸ ಮೂರನೆಯವನಿಗೆ ಊರಿಲ್ಲ, ಕೋಡಿಲ್ಲ.

ಇದಕ್ಕೆ ಪರಿಹಾರ ಅಜ್ಜಅಜ್ಜಿಯರನ್ನು ಬೈಯುವುದಲ್ಲ. ಸಂದೇಶಗಳು ಕನ್ನಡದಲ್ಲಿ ಬರಬೇಕು, ಬೇಕೆಂದವರಿಗೆ ಓದಿಯೂ ಹೇಳಬೇಕು ಎಂದು ನಾವು ಬ್ಯಾಂಕುಗಳನ್ನೂ ಕಂಪನಿಗಳನ್ನೂ ಒತ್ತಾಯಿಸಬೇಕು. ಇದೇನೂ ಅಸಾಧ್ಯವಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದ ಪುಟ್ಟ ಡಬ್ಬಿಯೇ ಇಂದು "ಇಷ್ಟು ರೂಪಾಯಿ ಬಂದಿದೆ" ಎಂದು ಕನ್ನಡದಲ್ಲಿ ಕೂಗಿ ಹೇಳುತ್ತಿದೆಯಲ್ಲ! ದುಡ್ಡು ಬಂದದ್ದನ್ನು ಹೇಳಲು ಕಲಿತ ಯಂತ್ರಕ್ಕೆ ದುಡ್ಡು ಹೋಗುವ ಮುನ್ನ ಎಚ್ಚರಿಸಲು ಕಲಿಸಬಹುದು. ಹಣ ಹೋದರೆ ತಡಮಾಡದೆ 1930ಕ್ಕೆ ಫೋನ್ ಮಾಡಬೇಕೆಂಬುದನ್ನು ಮನೆಯ ಹಿರಿಯರಿಗೆ ಕಂಠಪಾಠ ಮಾಡಿಸಿ.

ಇನ್ನು ಉಳಿದದ್ದು ನಮ್ಮ ಆಚಾರ. ಯಂತ್ರ ಹೇಳಿದಂತೆಲ್ಲ ಕುಣಿಯಬೇಕಾಗಿಲ್ಲ ಎಂಬುದನ್ನು ಮಿಸ್ಡ್ ಕಾಲಿನ ಕಾಲದಲ್ಲಿ ನಮ್ಮ ಜನ ತೋರಿಸಿಕೊಟ್ಟಿದ್ದಾರೆ. ಹಿರಿಯರಿಗೆ ಫೋನ್ ಮಾಡಿದಾಗ 30 ಸೆಕೆಂಡಿಗೆ ನಿಂತರೆ ಇನ್ನೊಮ್ಮೆ ಮಾಡೋಣ. ನೀಲಿ ಗೆರೆ ಕಂಡರೂ ಉತ್ತರ ಬಾರದಿದ್ದರೆ ಒಂದು ದಿನ ತಡೆಯೋಣ. ಮುಂದಕ್ಕೆ ಕಳಿಸುವ ಮುನ್ನ "ಯಾರು ಹೇಳಿದ್ದು?" ಎಂದು ಕೇಳೋಣ. ಗೆಳೆಯನಿಗೆ ಫೋನ್ ಮಾಡಿದಾಗ "ಅಮ್ಮ ಇದ್ದಾರಾ? ಕೊಡು, ಎರಡು ಮಾತಾಡ್ತೀನಿ" ಎನ್ನೋಣ. ಮನೆಯ ಹಿರಿಯರಿಗೆ ಹೊಸ ಫೋನ್ ಕೊಡಿಸುವ ಮುನ್ನ ಅವರ ಹಳೆಯ ಫೋನಿನಲ್ಲಿ 2ನ್ನು ಒತ್ತಿದರೆ ಯಾರಿಗೆ ಹೋಗುತ್ತಿತ್ತು ಎಂಬುದನ್ನೊಮ್ಮೆ ವಿಚಾರಿಸಿ. ಹೊಸದರಲ್ಲೂ ಅವರು ಯಾರ ಹಂಗಿಲ್ಲದೆ ಆ ಕರೆ ಮಾಡುವಂತಾದ ಮೇಲೆ ಹಳೆಯದನ್ನು ಪಕ್ಕಕ್ಕಿಡಬಹುದು.